ಬಂದವರಿಗೆ ಪ್ರಸಂಗ

ದೇವಾಲಯಕ್ಕೆ, ಅಂದರೆ ಚರ್ಚಿಗೆ, ಬಾರದವರ ಮೇಲಿನ ಸಿಟ್ಟನ್ನು ಬಂದವರ ಮೇಲೆ ತೀರಿಸಿಕೊಳ್ಳುವ ಪ್ರಸಂಗಗಳನ್ನು, ಅಂದರೆ ಆರಾಧನೆಯ ಬೋಧನೆಗಳನ್ನು, ಚಿಕ್ಕಂದಿನಿಂದಲೂ ಕೇಳಿಕೊಂಡು ಬಂದಿದ್ದೇನೆ. ಯುವಕರು ಎಲ್ಲಿ ಹೋದರು, ಕ್ರಿಸ್‌ಮಸ್‌ಗೆ ಮಾತ್ರ ಮುಖ ತೋರಿಸುವವರಿಗೆ ನಾಚಿಕೆಯಿಲ್ಲವೇ, ದೇವರ ಮನೆ ಬರಿದಾಗುತ್ತಿರುವುದು ನಿಮಗೆ ಕಾಣುವುದಿಲ್ಲವೇ ಎಂದು ಪೀಠದಿಂದ ಗುಡುಗು ಕೇಳಿಬರುತ್ತಿತ್ತು. ಎದುರಿಗೆ ಕುಳಿತಿರುತ್ತಿದ್ದವರು ಮಂಡಿನೋವು ಸಹಿಸಿಕೊಂಡು, ಆಟೊಗೆ ದುಡ್ಡು ಕೊಟ್ಟು ಬಂದ ಅಜ್ಜಿಯರು. ಅವರು ತಲೆತಗ್ಗಿಸಿ ಬೈಗುಳ ಕೇಳಿಸಿಕೊಂಡು, ಕಾಣಿಕೆ ಹಾಕಿ ಮನೆಗೆ ಹೋಗುತ್ತಿದ್ದರು. ಸಭಾಪಾಲಕನಾಗಿ, ಅಂದರೆ ಪಾದ್ರಿಯಾಗಿ, ಅಭಿಷೇಕ ಪಡೆದಾಗ ನಾನು ಒಂದು ನಿಶ್ಚಯ ಮಾಡಿಕೊಂಡೆ: ಬಾರದವರ ಬಗ್ಗೆ ಪ್ರಸಂಗದಲ್ಲಿ ಒಂದು ಮಾತೂ ಆಡಬಾರದು, ಪ್ರಸಂಗವೆಲ್ಲ ಬಂದವರಿಗೆ. ಹೇಳುವುದು ಸುಲಭ. ಅದರಂತೆ ನಡೆಯಲು ವಾರದ ದಿನಚರಿಯನ್ನೇ ಬದಲಿಸಿಕೊಳ್ಳಬೇಕಾಯಿತು. ಅದನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇವೆ ಮಾಡುವುದು ಧಾರವಾಡ ಸೀಮೆಯ ಹಳೆಯ ಬಾಸೆಲ್ ಮಿಶನ್ ಸಭೆಯೊಂದರಲ್ಲಿ. ಈಗ ಅದು ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ ಸೇರಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮೊದಲ ಮೂವರಾದ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಘಟ್ಟದ ಮೇಲಿನ ಕೆಲಸ ಹೀಗೆ ಶುರುವಾಯಿತು. ಜಾತ್ರೆಗಳಲ್ಲಿ, ಸಂತೆಗಳಲ್ಲಿ, ಅಗಸೆಬಾಗಿಲಲ್ಲಿ ನಿಂತು ಅವರು ಬೋಧಿಸಿದರು. ಕಾಲಜ್ಞಾನದ ಭವಿಷ್ಯವಾಣಿಗಳನ್ನು ನಂಬಿದ ಗುಂಪುಗಳು ಅವರನ್ನು ಹುಡುಕಿಕೊಂಡು ಬಂದಾಗ, ಸಾವಿರಾರು ಜನ ಒಮ್ಮೆಲೇ ಕ್ರೈಸ್ತರಾಗುತ್ತಾರೆಂಬ ನಿರೀಕ್ಷೆ ಹುಟ್ಟಿತ್ತು. ಕೊನೆಗೆ ಉಳಿದದ್ದು ಕೆಲವೇ ಕುಟುಂಬಗಳು. ‘ಆ ಕಾಲದಲ್ಲಿ ಜನ ಕಿಕ್ಕಿರಿದು ತುಂಬಿರುತ್ತಿದ್ದರು’ ಎಂದು ಹಿರಿಯರು ನಿಟ್ಟುಸಿರು ಬಿಟ್ಟಾಗ ಇದನ್ನು ನೆನಪಿಸುತ್ತೇನೆ. ನಮ್ಮದು ಹುಟ್ಟಿನಿಂದಲೇ ಚಿಕ್ಕ ಸಭೆ. ನಡುವೆ ಒಂದೆರಡು ತಲೆಮಾರು ಮಿಶನ್ ಶಾಲೆ, ಆಸ್ಪತ್ರೆ, ಬೋರ್ಡಿಂಗುಗಳ ನೌಕರಿಯಿಂದ ತುಂಬಿಕೊಂಡಿತ್ತು. ನೌಕರಿ ಹೋದ ಮೇಲೆ ಜನರೂ ಹೋದರು. ಕರಾವಳಿಯಲ್ಲಿ ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳ ಸುತ್ತ ಕಟ್ಟಿಕೊಂಡ ಸಭೆಗಳ ಕಥೆಯೂ ಇದೇ.

ಇಳಿಕೆಯ ಬಗ್ಗೆ ಮಾತಾಡುವಾಗ ಲೆಕ್ಕ ಸರಿಯಿರಬೇಕು. ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ 2001ರಲ್ಲಿ ಶೇ. 1.91 ಇದ್ದದ್ದು 2011ರಲ್ಲಿ ಶೇ. 1.87ಕ್ಕೆ ಇಳಿಯಿತು. ಆದರೆ ತಲೆಯೆಣಿಕೆ ಸುಮಾರು 10 ಲಕ್ಷದಿಂದ 11.4 ಲಕ್ಷಕ್ಕೆ ಏರಿತು. ಅಂದರೆ ರಾಜ್ಯದಲ್ಲಿ ಕ್ರೈಸ್ತರು ಕಾಣೆಯಾಗುತ್ತಿಲ್ಲ. ಬರಿದಾಗುತ್ತಿರುವುದು ನಮ್ಮಂಥ ಸಣ್ಣ ಊರುಗಳ ಹಳೆಯ ಕನ್ನಡ ಸಭೆಗಳು. ನನ್ನ ಸಭೆಯ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಪುಣೆಯಲ್ಲಿದ್ದಾರೆ, ದುಬೈಯಲ್ಲಿದ್ದಾರೆ. ಬೆಂಗಳೂರಿಗೆ ಹೋದವರಲ್ಲಿ ಕೆಲವರು ಹಡ್ಸನ್ ಸ್ಮಾರಕ ದೇವಾಲಯಕ್ಕೋ ರೈಸ್ ಸ್ಮಾರಕ ದೇವಾಲಯಕ್ಕೋ ಹೋಗಿ ಕನ್ನಡದಲ್ಲೇ ಆರಾಧಿಸುತ್ತಾರೆ. ಹೆಚ್ಚಿನವರು ಇಂಗ್ಲಿಷ್ ಆರಾಧನೆಗೆ ಹೋಗುತ್ತಾರೆ. ಎಲ್ಲಿಗೂ ಹೋಗದವರೂ ಇದ್ದಾರೆ. ಮನೆಯಲ್ಲಿ ಉಳಿದವರು ಅಪ್ಪ, ಅಮ್ಮ, ಕೆಲಸ ಸಿಗದ ಒಬ್ಬ ಮಗ, ಗಂಡ ಸತ್ತ ಒಬ್ಬ ಸೊಸೆ. ನಾನು ಎಷ್ಟೇ ಚೆನ್ನಾಗಿ ಬೋಧಿಸಿದರೂ ದುಬೈಯ ನೌಕರಿ ಬಿಟ್ಟು ಯಾರೂ ವಾಪಸು ಬರುವುದಿಲ್ಲ. ಇದನ್ನು ಒಪ್ಪಿಕೊಂಡ ದಿನ ನನ್ನ ಮನಸ್ಸು ಹಗುರವಾಯಿತು. ಪ್ರಸಂಗದ ಹೆಗಲ ಮೇಲೆ ಅದಕ್ಕೆ ಸಂಬಂಧಿಸದ ಹೊರೆ ಹೇರುವುದನ್ನು ಬಿಟ್ಟೆ.

ನಮ್ಮ ಪೂರ್ವಿಕರಿಗೆ ಸುವಾರ್ತೆ ತಂದ ನಾಡುಗಳ ಸ್ಥಿತಿಯೂ ಕಣ್ಣಮುಂದಿದೆ. ಜರ್ಮನಿಯಲ್ಲಿ 2022ರ ಹೊತ್ತಿಗೆ ಕಥೋಲಿಕ ಮತ್ತು ಪ್ರಾಟೆಸ್ಟಂಟ್ ಎರಡೂ ದೊಡ್ಡ ಸಭೆಗಳ ಸದಸ್ಯರನ್ನು ಕೂಡಿಸಿದರೂ ಜನಸಂಖ್ಯೆಯ ಅರ್ಧ ಆಗುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಅದೇ ವರ್ಷ ಯಾವ ಧರ್ಮಕ್ಕೂ ಸೇರದವರೇ ಎಲ್ಲಕ್ಕಿಂತ ದೊಡ್ಡ ಗುಂಪಾಗಿದ್ದರು, ಮೂವರಲ್ಲಿ ಒಬ್ಬರು. ಬಾಸೆಲ್ ಎಂಬ ಊರಿನ ಹೆಸರನ್ನು ನಮ್ಮ ಶಾಲೆಗಳ ಹಣೆಯ ಮೇಲೆ ಇಂದಿಗೂ ಬರೆದುಕೊಂಡಿರುವ ನಮಗೆ ಇದು ದೂರದ ಸುದ್ದಿಯಲ್ಲ. ಅಲ್ಲಿಯವರು ಬಿಟ್ಟುಹೋದ ಕಾರಣ ಬೇರೆ, ಇಲ್ಲಿಯ ಕಾರಣ ಬೇರೆ. ಅಲ್ಲಿ ನಂಬಿಕೆಯೇ ಬತ್ತಿತು. ಇಲ್ಲಿ ನಂಬಿಕೆ ಇದೆ, ಜನ ಊರು ಬಿಟ್ಟಿದ್ದಾರೆ. ಎರಡನ್ನೂ ಒಂದೇ ಎಂದು ಕಲೆಸಿ ಅಳುವವರ ಜೊತೆ ನಾನು ಸೇರುವುದಿಲ್ಲ.

ಚಿಕ್ಕ ಸಭೆಯನ್ನು ಸಮಾಧಾನಪಡಿಸಲು ಸಭಾಪಾಲಕರು ಎತ್ತಿಕೊಳ್ಳುವ ವಚನಗಳೂ ಕೆಲವಿವೆ. ‘ಇಬ್ಬರು ಮೂವರು ನನ್ನ ಹೆಸರಿನಲ್ಲಿ ಎಲ್ಲಿ ಕೂಡಿಬರುತ್ತಾರೋ’ ಎಂಬ ಮಾತು ಅವುಗಳಲ್ಲಿ ಮೊದಲನೆಯದು. ಸತ್ಯವೇದದ (ಬೈಬಲಿನ) ಮತ್ತಾಯ 18ನೆಯ ಅಧ್ಯಾಯವನ್ನು ಪೂರ್ತಿ ಓದಿದರೆ, ಆ ಮಾತು ಬರುವುದು ಸಹೋದರನು ತಪ್ಪು ಮಾಡಿದಾಗ ಅವನ ಬಳಿಗೆ ಹೋಗಿ ಮಾತಾಡಿ, ಒಪ್ಪದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗಿ ಸರಿಪಡಿಸಬೇಕೆಂಬ ಪಾಠದ ಬೆನ್ನಿಗೆ. ಜಗಳ ಬಿಡಿಸಲು ಕುಳಿತ ಇಬ್ಬರು ಮೂವರ ನಡುವೆ ಕ್ರಿಸ್ತನಿರುತ್ತಾನೆ ಎಂಬುದು ಅಲ್ಲಿಯ ಭರವಸೆ. ಅದನ್ನು ಹಾಜರಾತಿಯ ಸಾಂತ್ವನವನ್ನಾಗಿ ಮಾಡಿಕೊಂಡರೆ ಅದರ ಕೆಚ್ಚು ಹೋಗುತ್ತದೆ. ಇಸ್ರಾಯೇಲಿನ ನಾಯಕ ಗಿದ್ಯೋನನ ಮುನ್ನೂರು ಮಂದಿಯ ಕಥೆಯೂ ಹಾಗೆಯೇ. ಅಲ್ಲಿ ದೇವರೇ ಸೈನ್ಯವನ್ನು ಕಡಿಮೆ ಮಾಡಿಸಿದನು. ನಮ್ಮಲ್ಲಿ ಕಡಿಮೆ ಮಾಡಿದ್ದು ಬಸ್ಸು, ರೈಲು, ವಿಮಾನ. ಈ ಎರಡು ಭಾಗಗಳನ್ನೂ ನಾನು ಬೋಧಿಸುತ್ತೇನೆ, ಆದರೆ ಎಣಿಕೆಯ ಸಮಾಧಾನಕ್ಕೆ ಬಳಸುವುದಿಲ್ಲ.

ಇನ್ನು ವಾರದ ಕೆಲಸ. ಸಿ.ಎಸ್.ಐ. ಪಾಠಪಟ್ಟಿಯಲ್ಲಿ ಪ್ರತಿ ಭಾನುವಾರಕ್ಕೆ ಒಂದು ವಿಷಯ, ಹಳೆ ಒಡಂಬಡಿಕೆಯ ಭಾಗ, ಅಪೊಸ್ತಲರ ಪತ್ರಿಕೆ, ಸುವಾರ್ತೆ, ಕೀರ್ತನೆ ಎಲ್ಲವೂ ಗೊತ್ತುಪಡಿಸಿರುತ್ತದೆ. ಸೋಮವಾರ ಸುವಾರ್ತೆಯ ಭಾಗವನ್ನು ಗಟ್ಟಿಯಾಗಿ ಓದುತ್ತೇನೆ. ವ್ಯಾಖ್ಯಾನದ ಪುಸ್ತಕಗಳನ್ನು ಆ ದಿನ ತೆರೆಯುವುದಿಲ್ಲ. ಮಂಗಳವಾರದಿಂದ ಗುರುವಾರದವರೆಗೆ ಗೃಹಭೇಟಿ. ಮೊದಲೆಲ್ಲ ಗೃಹಭೇಟಿಯೆಂದರೆ ಕ್ಷೇಮ ವಿಚಾರಿಸಿ, ಒಂದು ಕೀರ್ತನೆ ಓದಿ, ಪ್ರಾರ್ಥಿಸಿ, ಚಹಾ ಕುಡಿದು ಏಳುವುದು. ಈಗ ಬರುವ ಭಾನುವಾರದ ಭಾಗವನ್ನೇ ಜೊತೆಗೆ ಒಯ್ಯುತ್ತೇನೆ. ಮನೆಯವರಿಗೇ ಓದಲು ಕೊಡುತ್ತೇನೆ. ಕಣ್ಣು ಮಂಜಾದವರಿಗೆ ಮೊಮ್ಮಕ್ಕಳು ಓದುತ್ತಾರೆ. ಓದಿದ ಮೇಲೆ ನಾನು ವಿವರಿಸುವುದಿಲ್ಲ, ಕೇಳುತ್ತೇನೆ: ಇದರಲ್ಲಿ ನಿಮಗೆ ಒಪ್ಪದೇ ಇರುವುದು ಏನು? ಒಪ್ಪಿದ್ದೇನು ಎಂದು ಕೇಳಿದರೆ ಎಲ್ಲರೂ ಭಕ್ತಿಯ ಉತ್ತರ ಕೊಡುತ್ತಾರೆ. ಒಪ್ಪದ್ದೇನು ಎಂದು ಕೇಳಿದಾಗ ಮಾತು ಬಿಚ್ಚಿಕೊಳ್ಳುತ್ತದೆ.

ದ್ರಾಕ್ಷೆತೋಟದ ಕೂಲಿಯಾಳುಗಳ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ, ಬಂದ ವಾರ ನಡೆದದ್ದನ್ನು ಹೇಳುತ್ತೇನೆ. ಯಜಮಾನ ಬೆಳಗಿನಿಂದ ಸಂಜೆಯವರೆಗೆ ಬೇರೆ ಬೇರೆ ಹೊತ್ತಿನಲ್ಲಿ ಆಳುಗಳನ್ನು ಕರೆಯುತ್ತಾನೆ; ಕೊನೆಗೆ ಒಂದೇ ಗಂಟೆ ದುಡಿದವರಿಗೂ ದಿನದ ಪೂರ್ತಿ ಕೂಲಿ ಕೊಡುತ್ತಾನೆ. ಈ ಭಾಗದ ಮೇಲೆ ದೇವರ ಕೃಪೆ, ಅಸೂಯೆಯ ಪಾಪ ಎಂದು ಪ್ರಸಂಗ ಮಾಡುವುದು ವಾಡಿಕೆ. ನಮ್ಮ ಸಭೆಯಲ್ಲಿ ಗೌಂಡಿ ಕೆಲಸ ಮಾಡಿ ಈಗ ಕೈ ನಡುಗುವ ಹಿರಿಯರೊಬ್ಬರಿದ್ದಾರೆ. ಹುಬ್ಬಳ್ಳಿಯ ಸರ್ಕಲ್ಲಿನಲ್ಲಿ ಕೂಲಿಗಾಗಿ ನಿಂತು ಬದುಕಿದವರು. ಅವರ ಹೆಂಡತಿ ಭಾಗವನ್ನು ಓದಿ ಮುಗಿಸುವ ಮೊದಲೇ ಅವರು ಕೈಯೆತ್ತಿ ತಡೆದರು.

‘ಹತ್ತು ಗಂಟೆಯ ಮೇಲೆ ನಿಂತವನನ್ನು ಯಾರೂ ಕರೆಯುವುದಿಲ್ಲ, ಅಯ್ಯನವರೇ. ಮೇಸ್ತ್ರಿ ಬಂದವನೇ ಮೊದಲು ತೋಳು ನೋಡುತ್ತಾನೆ. ಗಟ್ಟಿ ಇದ್ದವರು ಗಾಡಿ ಹತ್ತುತ್ತಾರೆ. ಉಳಿಯುವವರು ಮುದುಕರು, ಕಾಯಿಲೆಯಿಂದ ಎದ್ದವರು, ಕುಡಿದು ಹೆಸರು ಕೆಡಿಸಿಕೊಂಡವರು.’

ಹಾಗಾದರೆ ಸಂಜೆಯವರೆಗೆ ಏಕೆ ನಿಲ್ಲುತ್ತಾರೆ ಎಂದು ಕೇಳಿದೆ.

‘ಬರಿಗೈಯಲ್ಲಿ ಮನೆಗೆ ಹೋಗಲು ಮುಖ ಬೇಕಲ್ಲ? ಕತ್ತಲಾದ ಮೇಲೆ ಹೋದರೆ ಮಕ್ಕಳು ಮಲಗಿರುತ್ತಾರೆ.’

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು: ‘ಆ ಯಜಮಾನ ಐದು ಗಂಟೆಗೆ ಬಂದದ್ದು ಆಳು ಬೇಕಾಗಿ ಅಲ್ಲ. ಒಂದು ಗಂಟೆಯ ಕೆಲಸಕ್ಕೆ ಯಾರಾದರೂ ಆಳು ಕರೆಯುತ್ತಾರೆಯೇ? ಇನ್ನೂ ಯಾರು ಉಳಿದಿದ್ದಾರೆ ಎಂದು ನೋಡಲು ಬಂದ.’

ಶುಕ್ರವಾರ ವ್ಯಾಖ್ಯಾನಗಳನ್ನು ತೆರೆದು, ಅಂದಿನ ಪಲೆಸ್ತೀನದ ಕೂಲಿ ಪದ್ಧತಿ, ಸೂರ್ಯಾಸ್ತಕ್ಕೆ ಮುನ್ನ ಕೂಲಿ ಕೊಡಬೇಕೆಂಬ ಧರ್ಮೋಪದೇಶಕಾಂಡದ ಆಜ್ಞೆ, ಈ ಸಾಮ್ಯದ ಹಿಂದೆ ಬರುವ ಶಿಷ್ಯ ಪೇತ್ರನ ಪ್ರಶ್ನೆ ಇವನ್ನೆಲ್ಲ ನೋಡಿಕೊಂಡೆ. ಎಲ್ಲವೂ ಪ್ರಯೋಜನಕ್ಕೆ ಬಂತು. ಆದರೆ ಪ್ರಸಂಗದ ಬೆನ್ನೆಲುಬು ಆ ಹಿರಿಯರ ಮಾತೇ. ಅವರ ಅನುಮತಿ ಪಡೆದು ಅವರ ಮಾತನ್ನು ಅವರ ಎದುರಿಗೇ ಸಭೆಗೆ ಹೇಳಿದೆ. ಅಂದು ಯಾರೂ ಗಡಿಯಾರ ನೋಡಲಿಲ್ಲ. ಆ ಮೇಲೆ ಸಭೆಯವರಿಗೆ ತಮ್ಮ ಮನೆಯಲ್ಲೂ ಪ್ರಸಂಗ ಹುಟ್ಟಬಹುದೆಂಬ ನಂಬಿಕೆ ಬಂತು. ಸಭಾಪಾಲಕರು ಬರುತ್ತಾರೆಂದರೆ ಸತ್ಯವೇದವನ್ನು ಮೊದಲೇ ಮೇಜಿನ ಮೇಲೆ ತೆರೆದಿಡುವ ಮನೆಗಳು ಈಗ ಹಲವು.

ಇದರಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕಾದ ಒಂದು ನಿಯಮವಿದೆ. ಭಾಗದ ಬಗ್ಗೆ ಆಡಿದ ಮಾತನ್ನು ಕೇಳಿ ಬಳಸಬಹುದು. ಮನೆಯ ಸಂಕಟವೆಂದು ಹೇಳಿಕೊಂಡದ್ದನ್ನು ಹೆಸರು ಮರೆಸಿಯೂ ಬಳಸಬಾರದು. ನಲವತ್ತು ಐವತ್ತು ಜನರ ಸಭೆಯಲ್ಲಿ ‘ಒಬ್ಬ ಸಹೋದರಿ’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಗುಟ್ಟು ಪೀಠದ ಮೇಲೆ ಬಂದರೆ ಆ ಮನೆಯ ಬಾಗಿಲು ಸಭಾಪಾಲಕನಿಗೆ ಮತ್ತೆ ತೆರೆಯುವುದಿಲ್ಲ. ತೆರೆಯಲೂಬಾರದು.

ಪ್ರಸಂಗದಲ್ಲಿ ಬಳಸುವ ದೃಷ್ಟಾಂತಗಳ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ನಮ್ಮ ಅನೇಕ ಪೀಠಗಳಲ್ಲಿ ಇಂದಿಗೂ ಹಿಮ ಬೀಳುತ್ತಲೇ ಇರುತ್ತದೆ. ರೈಲು ಸೇತುವೆ ಕಾಯುವ ತಂದೆ ಪ್ರಯಾಣಿಕರನ್ನು ಉಳಿಸಲು ಮಗನನ್ನೇ ಬಲಿಕೊಟ್ಟ ಕಥೆಯನ್ನು ನಾನು ಎಷ್ಟು ಊರುಗಳಲ್ಲಿ ಕೇಳಿದ್ದೇನೋ. ಇಂಗ್ಲಿಷ್ ಪ್ರಸಂಗಗಳಿಂದ ಎತ್ತಿಕೊಂಡ ಇಂಥ ಕಥೆಗಳು ಕೇಳುವವನನ್ನು ಐದು ನಿಮಿಷ ಬೇರೆ ದೇಶಕ್ಕೆ ಕರೆದುಕೊಂಡು ಹೋಗಿ, ತಿರುಗಿ ತರದೆ ಅಲ್ಲೇ ಬಿಟ್ಟುಬಿಡುತ್ತವೆ. ಈಗಂತೂ ಶನಿವಾರ ರಾತ್ರಿ ಮೊಬೈಲ್ ಒತ್ತಿದರೆ ಮೂರು ಅಂಶಗಳ ಪ್ರಸಂಗ ಸಿದ್ಧವಾಗಿ ಸಿಗುತ್ತದೆ. ನಮಗೆ ಹಿಂದಿನವರ ಮಾದರಿಯೇ ಇದೆ. ಕಿಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಈ ನಾಡಿನ ಕಿವಿ ಯಾವ ಲಯಕ್ಕೆ ಒಗ್ಗಿದೆ ಎಂದು ವಿಚಾರಿಸಿದ ಮೇಲೆಯೇ ಅವರು ಲೇಖನಿ ಎತ್ತಿದ್ದು. ಹೊರಗಿನಿಂದ ಬಂದವರು ಪಟ್ಟ ಅಷ್ಟು ಶ್ರಮವನ್ನು ಇಲ್ಲೇ ಹುಟ್ಟಿದ ನಾವು ಪಡದಿದ್ದರೆ ಹೇಗೆ? ನನ್ನ ಪ್ರಸಂಗಗಳಲ್ಲಿ ಸೊಸೈಟಿ ಸಾಲ, ಮೆಣಸಿನಕಾಯಿ ದರ, ಕೈಕೊಟ್ಟ ಮುಂಗಾರು, ಪಿಂಚಣಿಗಾಗಿ ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಹತ್ತುವ ವಿಧವೆಯರು ಬರುತ್ತಾರೆ. ಅನ್ಯಾಯಗಾರ ನ್ಯಾಯಾಧಿಪತಿಯ ಬಳಿಗೆ ಮತ್ತೆ ಮತ್ತೆ ಹೋದ ವಿಧವೆಯ ಸಾಮ್ಯಕ್ಕೆ ನಮ್ಮ ಊರಿನಲ್ಲಿ ದೃಷ್ಟಾಂತ ಹುಡುಕಬೇಕಾಗಿಲ್ಲ.

ಜಾಗದ ವಿಷಯವನ್ನೂ ಹೇಳಬೇಕು. ದೊಡ್ಡ ದೇವಾಲಯದಲ್ಲಿ ಚಿಕ್ಕ ಸಭೆ ಕೂರುವಾಗ ಪ್ರತಿ ಮನೆಯವರೂ ತಮ್ಮ ಅಜ್ಜನ ಕಾಲದ ಬೆಂಚಿನಲ್ಲೇ ಕೂರುತ್ತಾರೆ. ಮುಂದೆ ಇಬ್ಬರು, ಹಿಂದೆ ಐವರು, ಕಂಬದ ಮರೆಯಲ್ಲಿ ಒಬ್ಬರು. ಎಲ್ಲರೂ ಮುಂದೆ ಬನ್ನಿ ಎಂದು ಎಷ್ಟು ಕರೆದರೂ ಬರುವುದಿಲ್ಲ. ಆ ಜಾಗದಲ್ಲಿ ಅವರಿಗೆ ಸತ್ತವರ ನೆನಪಿದೆ. ಅದನ್ನು ಕಿತ್ತುಕೊಳ್ಳುವುದು ನನಗೆ ಸರಿಕಾಣಲಿಲ್ಲ. ಆದ್ದರಿಂದ ನಾನೇ ಕೆಳಗಿಳಿದೆ. ಸತ್ಯವೇದ ಪಾರಾಯಣ ಪೀಠದಿಂದ, ಪ್ರಸಂಗ ಬೆಂಚುಗಳ ನಡುವಿನ ದಾರಿಯಲ್ಲಿ ನಿಂತು. ಮೈಕ್ ಬೇಡ. ಹಿರಿಯರು ಕೆಲವರು ಆಕ್ಷೇಪಿಸಿದರು: ಪೀಠ ಎತ್ತರವಾಗಿರುವುದು ವಾಕ್ಯದ ಗೌರವಕ್ಕಾಗಿ, ಸಭಾಪಾಲಕರಿಗಾಗಿ ಅಲ್ಲ ಎಂದರು. ಅದು ತೂಕದ ಮಾತು. ಹಬ್ಬದ ದಿನಗಳಲ್ಲಿ ಪೀಠವನ್ನೇ ಹತ್ತುವುದೆಂದು ಒಪ್ಪಿದೆವು. ಮಿಕ್ಕ ದಿನ ಕೆಳಗೆ ನಿಂತಾಗ ಮುಖಗಳು ಕಾಣುತ್ತವೆ, ಯಾರಿಗೆ ಮಾತು ತಲುಪಲಿಲ್ಲ ಎಂದು ತಕ್ಷಣ ತಿಳಿಯುತ್ತದೆ. ಹದಿನೈದು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಬೇಕೆನ್ನಿಸಿದರೆ ಒಂದೇ ಭಾಗದಲ್ಲಿ ಎರಡು ಪ್ರಸಂಗಗಳನ್ನು ತುಂಬಿದ್ದೇನೆಂದು ಅರ್ಥ, ಎರಡನೆಯದನ್ನು ಎತ್ತಿಡುತ್ತೇನೆ.

ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಸತ್ಯವೇದದ ಕನ್ನಡ ಕಷ್ಟ. ಹಾಡುಗಳನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟುಕೊಂಡು ಹಾಡುತ್ತಾರೆ. ಅವರಿಗಾಗಿ ಪ್ರಸಂಗದಲ್ಲಿ ಇಂಗ್ಲಿಷ್ ಬೆರೆಸಬೇಕೆಂಬ ಸಲಹೆ ಬಂತು. ನಾನು ಬೇರೆ ದಾರಿ ಹಿಡಿದೆ. ಪ್ರತಿ ಭಾನುವಾರ ಒಂದು ಮಗು ಸುವಾರ್ತೆಯ ಕಥೆಯನ್ನು ಪುಸ್ತಕ ನೋಡದೆ, ತನ್ನದೇ ಕನ್ನಡದಲ್ಲಿ ಸಭೆಯ ಮುಂದೆ ಹೇಳಬೇಕು. ಪ್ರಸಂಗ ಅದರ ನಂತರ. ಮನೆಯಲ್ಲಿ ಅಜ್ಜಿಯ ಹತ್ತಿರ ಕುಳಿತು ಕಲಿತು ಬರುತ್ತಾರೆ. ಬೆಂಕಿಯ ಸುತ್ತ ನಿಂತು ಪೇತ್ರನು ಯೇಸುವನ್ನು ಅಲ್ಲಗಳೆದ ಕಥೆಯನ್ನು ಹೇಳುತ್ತಿದ್ದ ಹುಡುಗಿಯೊಬ್ಬಳು, ಕೋಳಿ ಕೂಗಿದ ಮೇಲೆ ಮುಂದೆ ಹೇಳಲಾರದೆ ಅತ್ತಳು. ಅಂದು ನಾನು ಪ್ರಸಂಗ ಮಾಡಲಿಲ್ಲ. ಪ್ರಾರ್ಥನೆಗೆ ಕರೆದೆ, ಅಷ್ಟೆ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ಒಂದು ಲೆಂಟ್ ಕಾಲದಲ್ಲಿ ಸಂಜೆಯ ಆರಾಧನೆಗಳಿಗೆ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟಣೆ ಗ್ರಂಥದ ಏಳು ಸಭೆಗಳನ್ನು ತೆಗೆದುಕೊಂಡೆ: ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಎಲ್ಲವೂ ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಊರುಗಳು. ಎಫೆಸದಲ್ಲಿ ಪೌಲನು ಬೋಧಿಸಿದನು, ಕ್ರಿ.ಶ. 431ರಲ್ಲಿ ಬೇರೆ ಬೇರೆ ನಾಡುಗಳ ಬಿಷಪರು ಸೇರಿದ ಮಹಾಸಭೆ ಅಲ್ಲೇ ನಡೆಯಿತು. ಈಗ ಅಲ್ಲಿರುವುದು ಪ್ರವಾಸಿಗರು ನೋಡುವ ಕಂಬಗಳು. ಸ್ಮುರ್ನ ಇಂದು ಇಜ್ಮೀರ್ ಎಂಬ ಮಹಾನಗರ, ಕ್ರೈಸ್ತರು ಬೆರಳೆಣಿಕೆಯಷ್ಟು. ಮನಮರುಗದಿದ್ದರೆ ನಿನ್ನ ದೀಪಸ್ತಂಭವನ್ನು ಸ್ಥಳದಿಂದ ತೆಗೆದುಹಾಕುವೆನು ಎಂದು ಕರ್ತನು ಎಫೆಸಕ್ಕೆ ಹೇಳಿದ್ದನ್ನು ಓದಿ, ಸಭೆಯವರಿಗೆ ನೇರವಾಗಿಯೇ ಹೇಳಿದೆ: ಸಭೆಗಳು ಮುಚ್ಚುತ್ತವೆ. ಅಪೊಸ್ತಲರು ನೆಟ್ಟ ಸಭೆಗಳೇ ಮುಚ್ಚಿವೆ. ನಮ್ಮದೂ ಒಂದು ದಿನ ಮುಚ್ಚಬಹುದು. ಆದರೂ ಎಫೆಸದವರಿಗೆ ಬರೆದ ಪತ್ರವನ್ನು ನಾವು ಇಂದು ಕನ್ನಡದಲ್ಲಿ ಓದುತ್ತಿದ್ದೇವೆ. ಅವರು ಕೇಳಿದ ವಾಕ್ಯ ಅವರ ಊರಿನೊಂದಿಗೆ ಸಾಯಲಿಲ್ಲ.

ಈ ಮಾತು ಹೇಳುವ ಮೊದಲು ನಾನು ಬಹಳ ಪ್ರಾರ್ಥಿಸಿದ್ದೆ. ಜನ ಎದೆಗುಂದಬಹುದೆಂಬ ಅಳುಕಿತ್ತು. ಹಾಗಾಗಲಿಲ್ಲ. ಮನಸ್ಸಿನಲ್ಲಿ ಎಲ್ಲರೂ ಇಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು, ಅಷ್ಟೇ. ಬಾಗಿಲ ಬಳಿ ಕೈಕುಲುಕುವಾಗ ವಯಸ್ಸಾದ ತಾಯಿಯೊಬ್ಬರು ನನ್ನ ಕೈಬಿಡದೆ ಕೇಳಿದರು: ‘ದೇವಾಲಯ ಮುಚ್ಚಿದರೆ ನನ್ನನ್ನು ಯಾರು ಹೂಳುತ್ತಾರೆ?’

ಆ ಪ್ರಶ್ನೆಯನ್ನು ಹಾಗೆಯೇ ಸಭಾ ಸಮಿತಿಯ ಮುಂದಿಟ್ಟೆ. ಸ್ಮಶಾನದ ನಕ್ಷೆ, ಹಳೆಯ ದಾಖಲೆ ಪುಸ್ತಕಗಳು ಹೊರಬಂದವು. ಜರ್ಮನ್ ಹೆಸರುಗಳಿರುವ ಹಳೆಯ ಗೋರಿಗಳ ಪಕ್ಕದಲ್ಲಿ ಯಾವ ಮನೆಯವರ ಯಾವ ಸ್ಥಳ ಎಂದು ಪಟ್ಟಿ ಮಾಡಿದೆವು. ಸಭಾಪಾಲಕರಿಲ್ಲದ ಕಾಲ ಬಂದರೂ ಅಂತ್ಯಕ್ರಿಯೆ ನಡೆಸಿಕೊಡಬೇಕೆಂದು ನೆರೆಯ ಎರಡು ಸಭೆಗಳೊಂದಿಗೆ ಮಾತು ಮಾಡಿಕೊಂಡೆವು. ನಮ್ಮ ಸಭೆಯ ಇಬ್ಬರಿಗೆ ಶವಸಂಸ್ಕಾರದ ಕ್ರಮ ಕಲಿಸಿದೆ. ಸಭೆಯನ್ನು ಬೆಳೆಸುವ ಯೋಜನೆಗಳ ಬಗ್ಗೆ ಎಷ್ಟೋ ಶಿಬಿರಗಳಲ್ಲಿ ಕುಳಿತಿದ್ದೇನೆ. ಜನರ ಭಯವನ್ನು ಇಷ್ಟು ನೇರವಾಗಿ ಮುಟ್ಟಿದ ಯೋಜನೆಯೊಂದೂ ಅಲ್ಲಿ ಸಿಕ್ಕಿರಲಿಲ್ಲ.

ಚಿಕ್ಕ ಸಭೆಯ ಸಭಾಪಾಲಕನಿಗೆ ಅತಿ ದೊಡ್ಡ ಸಭೆ ಸೇರುವುದು ಸಾವಿನ ಮನೆಯಲ್ಲಿ ಎಂಬುದನ್ನೂ ಇಲ್ಲಿ ಹೇಳಬೇಕು. ಭಾನುವಾರ ಕಾಣದ ಮಕ್ಕಳು, ಮೊಮ್ಮಕ್ಕಳು, ಲಿಂಗಾಯತ ನೆರೆಯವರು, ಮುಸ್ಲಿಂ ಗೆಳೆಯರು, ಸತ್ತವರ ಹಳೆಯ ಸಹೋದ್ಯೋಗಿಗಳು ಎಲ್ಲರೂ ಬರುತ್ತಾರೆ. ಅಲ್ಲಿ ಬೋಧಿಸುವಾಗ ಕೆಲವರು, ಇಂಥ ಅವಕಾಶ ಮತ್ತೆ ಸಿಗದೆಂದು, ನರಕದ ಬೆಂಕಿಯಿಂದ ಶುರುಮಾಡುತ್ತಾರೆ. ದುಃಖದಲ್ಲಿ ನಿಂತವರನ್ನು ಹಾಗೆ ಹಿಡಿಯುವುದು ಕ್ರಿಸ್ತನ ರೀತಿಯಲ್ಲ. ಗೆಳೆಯ ಲಾಜರನ ಸಮಾಧಿಯ ಬಳಿ ಆತನು ಮೊದಲು ಕಣ್ಣೀರು ಬಿಟ್ಟನು. ನಾನು ಯೋಹಾನ 11ನ್ನೋ 90ನೆಯ ಕೀರ್ತನೆಯನ್ನೋ ಓದುತ್ತೇನೆ. ಸತ್ತವರ ಹೆಸರು ಹೇಳಿ, ಅವರ ಬದುಕಿನ ನಿಜವಾದ ಒಂದು ಸಂಗತಿ ಹೇಳುತ್ತೇನೆ. ಪುನರುತ್ಥಾನದ ನಿರೀಕ್ಷೆಯನ್ನು ಮರೆಮಾಚದೆ, ಏರುದನಿಯಿಲ್ಲದೆ ಹೇಳುತ್ತೇನೆ. ಹತ್ತು ನಿಮಿಷ. ನೆರೆಯ ಗೌಡರೊಬ್ಬರು ವರ್ಷ ಕಳೆದ ಮೇಲೂ ಮಾರುಕಟ್ಟೆಯಲ್ಲಿ ನನ್ನನ್ನು ನಿಲ್ಲಿಸಿ, ಆ ದಿನ ನೀವು ಓದಿದ ಭಾಗ ಪುಸ್ತಕದಲ್ಲಿ ಎಲ್ಲಿದೆ ಎಂದು ಕೇಳಿ ಬರೆದುಕೊಂಡರು.

ನಮ್ಮನ್ನು ಬಿಟ್ಟು ಸ್ವತಂತ್ರ ಪ್ರಾರ್ಥನಾ ಮಂದಿರಗಳಿಗೆ ಹೋದವರ ಬಗ್ಗೆ ನನಗೆ ದ್ವೇಷವಿಲ್ಲ. ಅವರ ಮನೆಗಳಿಗೂ ಹೋಗುತ್ತೇನೆ. ಏಕೆ ಹೋದಿರಿ ಎಂದು ಕೇಳಿದಾಗ ಪ್ರಸಂಗ ಚೆನ್ನಾಗಿರಲಿಲ್ಲ ಎಂದವರು ಕಡಿಮೆ. ‘ಕಾಯಿಲೆಯಲ್ಲಿ ತಲೆಯ ಮೇಲೆ ಕೈಯಿಟ್ಟು ಹೆಸರು ಹಿಡಿದು ಪ್ರಾರ್ಥಿಸಿದರು’ ಎಂಬುದೇ ಹೆಚ್ಚಿನವರ ಉತ್ತರ. ನಮ್ಮ ಆರಾಧನಾ ಕ್ರಮದಲ್ಲಿ ಅದಕ್ಕೆ ಜಾಗವಿದೆ, ನಾವು ಬಳಸುತ್ತಿರಲಿಲ್ಲ. ಈಗ ತಿಂಗಳಿಗೊಮ್ಮೆ ಕರ್ತನ ಭೋಜನದ ನಂತರ ಅಸ್ವಸ್ಥರಿಗಾಗಿ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ. ಗುಣವಾಗುತ್ತದೆ ಎಂದು ಭರವಸೆ ಕೊಡುವುದಿಲ್ಲ, ಮಾತ್ರೆ ನಿಲ್ಲಿಸಲು ಬಿಡುವುದಿಲ್ಲ.

ಹೋದವರಲ್ಲಿ ಇನ್ನೊಂದು ಗುಂಪಿದೆ. ಸಮಿತಿ ಚುನಾವಣೆಯ ಬಣಗಳು, ಆಸ್ತಿಯ ಮೇಲಿನ ವ್ಯಾಜ್ಯಗಳನ್ನು ಕಂಡು ಬೇಸತ್ತು ಹೋದವರು. ಪ್ರಸಂಗದ ದೋಷದಿಂದ ಹೋದವರಿಗಿಂತ ಇವರೇ ಹೆಚ್ಚೆಂದು ನನ್ನ ನಂಬಿಕೆ. ಪೀಠದಿಂದ ಒಂದು ಬಣಕ್ಕೆ ಕುಟುಕುವ ಪ್ರಸಂಗಗಳನ್ನು ಕೇಳಿ ನೊಂದು ಹೋದ ಮನೆಗಳೂ ಇವೆ. ಸಮಿತಿಯ ವಿಷಯ ಸಮಿತಿಯಲ್ಲಿ, ವಾಕ್ಯ ಪೀಠದಲ್ಲಿ ಎಂಬ ಗೆರೆಯನ್ನು ನಾನು ದಾಟುವುದಿಲ್ಲ.

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧಿಸಿ ಹೊರಗೆ ಕಳಿಸಿದಾಗ ನಮ್ಮ ಸಭೆಗಳನ್ನು ಉಳಿಸಿದವರು ಊರಿನ ಉಪದೇಶಿಗಳು ಮತ್ತು ದೇಶೀಯ ಬೋಧಕರು. ಆ ಉಪದೇಶಿಗಳಲ್ಲಿ ಹೆಚ್ಚಿನವರಿಗೆ ದೊಡ್ಡ ವಿದ್ಯೆಯಿರಲಿಲ್ಲ. ಸತ್ಯವೇದ ಗೊತ್ತಿತ್ತು, ಜನ ಗೊತ್ತಿದ್ದರು. ಆ ಪರಂಪರೆಯನ್ನು ಮತ್ತೆ ಹಿಡಿದಿದ್ದೇನೆ. ಸಿ.ಎಸ್.ಐ.ನಲ್ಲಿ ಸ್ತ್ರೀಯರಿಗೆ ಸಭಾಪಾಲಕ ಅಭಿಷೇಕ ಆರಂಭವಾದದ್ದು 1976ರಲ್ಲಿ. ಹೀಗಿದ್ದೂ ಹಳ್ಳಿಯ ಸಭೆಗಳಲ್ಲಿ ಹೆಂಗಸರ ಪ್ರಸಂಗ ಕೇಳಿದವರು ಅಪರೂಪ. ನಮ್ಮಲ್ಲಿ ತಿಂಗಳ ಕೊನೆಯ ಭಾನುವಾರ ನಿವೃತ್ತ ನರ್ಸ್ ಒಬ್ಬರು ಬೋಧಿಸುತ್ತಾರೆ. ಗುರುವಾರ ಸಂಜೆ ತಮ್ಮ ಟಿಪ್ಪಣಿ ತಂದು ತೋರಿಸುತ್ತಾರೆ. ನಾನು ವ್ಯಾಕರಣ ತಿದ್ದುವುದಿಲ್ಲ, ಸಿದ್ಧಾಂತದ ಎಡವಟ್ಟಿದ್ದರೆ ಮಾತ್ರ ಹೇಳುತ್ತೇನೆ. ರಕ್ತಸ್ರಾವದಿಂದ ನರಳುತ್ತಿದ್ದು ಯೇಸುವಿನ ಬಟ್ಟೆ ಮುಟ್ಟಿ ಗುಣವಾದ ಸ್ತ್ರೀಯ ಭಾಗವನ್ನು ಅವರು ಬೋಧಿಸಿದಂತೆ ನಾನು ಬೋಧಿಸಲಾರೆ. ವಾರ್ಡಿನಲ್ಲಿ ಅವರು ಮುಟ್ಟಿ ಶುಶ್ರೂಷೆ ಮಾಡಿದ ಹೆಂಗಸರೆಲ್ಲ ಆ ಪ್ರಸಂಗದಲ್ಲಿದ್ದರು.

ನನಗೆ ವರ್ಗಾವಣೆಯ ಕಾಲ ಹತ್ತಿರವಾಗುತ್ತಿದೆ. ಮುಂದೆ ಬರುವ ಸಭಾಪಾಲಕರಿಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ: ಯಾರಿಗೆ ದಪ್ಪ ಅಕ್ಷರದ ಪಾಠ ಅಚ್ಚು ಹಾಕಿಸಿ ಕೊಡಬೇಕು, ಯಾರಿಗೆ ಎಡಗಿವಿ ಕೇಳಿಸುವುದಿಲ್ಲ, ಯಾವ ಮನೆಗೆ ಸಂಜೆ ಏಳರ ಮೇಲೆ ಹೋಗಬೇಕು, ಯಾವ ಮಕ್ಕಳು ಯಾವ ಕಥೆ ಹೇಳಿದ್ದಾರೆ, ಯಾವ ಭಾಗವನ್ನು ಯಾರ ಜೊತೆ ಓದಿದರೆ ಒಳ್ಳೆಯದು. ದಾರಿಯಲ್ಲಿ ಜೊತೆಯಾದ ಅಪರಿಚಿತನನ್ನು ಇಬ್ಬರು ಶಿಷ್ಯರು ಸಂಜೆ ನಮ್ಮೊಂದಿಗೆ ಉಳಿ ಎಂದು ಒತ್ತಾಯಿಸಿದ, ಲೂಕ 24ರ ಎಮ್ಮಾಹು ದಾರಿಯ ಭಾಗದ ಎದುರಿಗೆ ಮೂರು ಮನೆಗಳ ಹೆಸರು ಬರೆದಿದ್ದೇನೆ. ಮೂರರಲ್ಲೂ ಮಕ್ಕಳು ದೂರದಲ್ಲಿದ್ದಾರೆ, ಮೂರರಲ್ಲೂ ರಾತ್ರಿಯ ಊಟಕ್ಕೆ ಉಳಿಯಿರಿ ಎಂದು ಒತ್ತಾಯಿಸುತ್ತಾರೆ. ಉಳಿಯಿರಿ ಎಂದು ಅದರ ಕೆಳಗೆ ಬರೆದಿದ್ದೇನೆ.